ನೀರಾನೆ ಕೊಳದ ಮುಂದಿನ ಮರಳು

ಮೃಗಾಲಯದಲ್ಲಿ ನೀರಾನೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಎಲ್ಲರೂ 'ಅನುಮಾನದ ಮಾವ' ಎಂದೇ ಕರೆಯುತ್ತಿದ್ದರು. ಪ್ರತಿ ಸಂಜೆ ಗೂಡುಗಳ ಬಾಗಿಲಲ್ಲಿ ಮರಳು ಹರಡಿ, ಪೊರಕೆಯಿಂದ ನಯ ಮಾಡಿಯೇ ಅವರು ಮನೆಗೆ ಹೋಗುತ್ತಿದ್ದುದು. ಯಾವ ಪ್ರಾಣಿ ಓಡಾಡಿತು, ಯಾವುದು ಕುಂಟಿತು ಎಂಬುದು ಬೆಳಗ್ಗೆ ಹೆಜ್ಜೆಗುರುತಿನಲ್ಲಿ ತಿಳಿಯುತ್ತಿತ್ತು.

"ನನ್ನ ಮೇಲೂ ಅನುಮಾನ ಇದ್ರೆ ಅಡುಗೆಮನೆ ಬಾಗಿಲಿಗೂ ಒಂದು ಬುಟ್ಟಿ ಮರಳು ಹಾಕಿ" ಎಂದು ಹೆಂಡತಿ ನಗುತ್ತಿದ್ದರು.

ಅನುಮಾನಕ್ಕೆ ಕಾರಣವಿತ್ತು. ಹೊಸ ಮತ್ಸ್ಯಾಲಯ, ಅದರ ಪಕ್ಕದಲ್ಲೇ ನೀರಾನೆಗೆ ದೊಡ್ಡ ಕೊಳ ಕಟ್ಟುತ್ತೇವೆ ಎಂದು ಹೇಳಿ, ಆರು ತಿಂಗಳ ಮಟ್ಟಿಗೆ ಮುದಿ ನೀರಾನೆಯನ್ನು ಸಣ್ಣ ಸಿಮೆಂಟು ತೊಟ್ಟಿಗೆ ಬಿಟ್ಟಿದ್ದರು. ಏಳು ವರ್ಷವಾಯಿತು. ಕೆಲಸ ತೋರಿಸಿದರೆ ಹಣ, ಹಣ ಬಂದರೆ ಕೆಲಸ. ಎರಡೂ ಒಂದನ್ನೊಂದು ಕಾಯುತ್ತ ಕೂತಿದ್ದವು. ಮಾವ 'ಅಜ್ಜಿ' ಎಂದು ಕರೆಯುತ್ತಿದ್ದ ಆ ನೀರಾನೆಯ ಚರ್ಮ, ಬೆನ್ನು ಮುಳುಗದೆ ಬಿರುಕು ಬಿಟ್ಟಿತ್ತು.

ಒಂದು ದಿನ ಎಂಜಿನಿಯರ್ ಕಾಗದ ಹಿಡಿದು ಬಂದರು. ಹೊಸ ಕೊಳದ ತುಂಬ ನೀರು. ಕೊಳ ಯೋಗ್ಯವಾಗಿದೆ ಎಂದು ಮಾವ ಸಹಿ ಹಾಕಿದರೆ ಮುಂದಿನ ಕಂತು ಬರುತ್ತಿತ್ತು.

"ಮೂರು ದಿನದಿಂದ ನೀರು ಒಂದು ಬೆರಳೂ ಇಳಿದಿಲ್ಲ, ನೋಡಿ ಮಾವ."

"ಅದೇ ನನಗೆ ಅನುಮಾನ. ಈ ಬಿಸಿಲಿಗೆ ಅಜ್ಜಿ ತೊಟ್ಟಿ ನೀರೇ ದಿನಾ ಇಳಿಯುತ್ತೆ. ನಾಳೆ ಹೇಳ್ತೀನಿ."

ಸಂಜೆ ಕೊಳದ ಗೇಟಿನ ಮುಂದೆ ಮರಳು ಹರಡಿದರು. ಬೆಳಗ್ಗೆ ನೋಡಿದರೆ ನೀರಿನ ಟ್ಯಾಂಕರಿನ ಚಕ್ರದ ಗುರುತು, ಪಕ್ಕದಲ್ಲಿ ಪೈಪು ಎಳೆದ ಗೆರೆ.

"ಸಣ್ಣ ಸೋರಿಕೆ. ಕಂತು ಬಂದ್ಮೇಲೆ ಮುಚ್ಚಿಸ್ತೀವಿ" ಎಂದರು ಎಂಜಿನಿಯರ್, ನೆಲ ನೋಡುತ್ತ. "ಒಂದು ಸಹಿಗೆ ನಿಮ್ಮ ಗಂಟೇನು ಹೋಗುತ್ತೆ?"

"ನನ್ನದೇನೂ ಹೋಗಲ್ಲ. ಸಹಿ ಬಿದ್ರೆ ಹಳೇ ತೊಟ್ಟಿ ಒಡೀತೀರಿ. ಆಮೇಲೆ ಟ್ಯಾಂಕರೂ ನಿಂತ್ರೆ ಅಜ್ಜಿ ಎಲ್ಲಿಗೆ ಹೋಗ್ಬೇಕು?"

ಮಾವ ಕಾಗದ ತೆಗೆದುಕೊಂಡು 'ಕೊಳ ಸೋರುತ್ತಿದೆ, ಹಣ ಮೊದಲು ಇದಕ್ಕೇ ಬರಲಿ' ಎಂದು ಬರೆದು, ಕೆಳಗೆ ಸಹಿ ಹಾಕಿದರು.

ಆಮೇಲೆ ಹನ್ನೊಂದು ತಿಂಗಳು ಯಾರದೂ ಸುದ್ದಿಯಿಲ್ಲ. ಅಜ್ಜಿಯ ಬೆನ್ನಿಗೆ ಎಣ್ಣೆ ಸವರುವಾಗ, ನಾನೇ ಕೆಲಸ ಕೆಡಿಸಿದೆನೇನೋ ಎಂದು ಮಾವನಿಗೆ ತಮ್ಮ ಮೇಲೂ ಅನುಮಾನ ಬರುತ್ತಿತ್ತು. ಕೊನೆಗೆ ಸೋರಿಕೆಗೆ ಸಾಕಾಗುವಷ್ಟೇ ಹಣ ಬಂತು. ಮತ್ಸ್ಯಾಲಯದ ಕಂಬಗಳು ಹಾಗೇ ನಿಂತಿದ್ದವು. ಅಜ್ಜಿ ಮಾತ್ರ ಹೊಸ ಕೊಳದಲ್ಲಿ ಕಿವಿಯವರೆಗೆ ಮುಳುಗಿದಳು.

ಆ ಸಂಜೆಯೂ ಮಾವ ಗೇಟಿಗೆ ಮರಳು ಹರಡಿದರು. ಬೆಳಗ್ಗೆ ಬರೀ ಗುಬ್ಬಿಯ ಹೆಜ್ಜೆಗಳಿದ್ದವು. ನೀರು ಬಿಸಿಲಿಗೆ ಇಳಿಯಬೇಕಾದಷ್ಟೇ ಇಳಿದಿತ್ತು. ಆದರೂ ಸಂಜೆ ಮತ್ತೆ ಪೊರಕೆ ಹಿಡಿದು ಬಂದರು.