ಬಚ್ಚಣ್ಣ ಕಟ್ಟದ ಗಂಟು

ಬಚ್ಚಣ್ಣನ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು ನಿಂತಿತ್ತು. ಹರಿದ ಬಲೆಯನ್ನು ಆ ಬೆರಳಿಗೆ ಸಿಕ್ಕಿಸಿ ಎಳೆದೆಳೆದು ಹೊಲಿದು ಅದು ಹಾಗಾಗಿತ್ತು. ಗಂಗೊಳ್ಳಿ ಬಂದರಿನಲ್ಲಿ ಕಾಲು ಚಾಚಿ ಕೂತು, ಬಾಯ್ತುಂಬ ಎಲೆಯಡಿಕೆ ಹಾಕಿಕೊಂಡು, ಬೋಟಿನ ಮಾಲಕರನ್ನೆಲ್ಲ ಬೈಯುತ್ತಲೇ ಕೆಲಸ ಮಾಡುವವ. ನನ್ನದೂ ಒಂದು ಬೋಟಿತ್ತಲ್ಲ, ನನಗೂ ಬೈಗುಳ ಖಾಯಂ. "ಹ್ವಾಯ್, ಬಲಿ ಎಳುಕೆ ಬತ್ತಿಲ್ಲೆ, ನಿಂಗೆ ಬೋಟ್ ಎಂತಕ್ಕಾ?" ಎಂದು, ಬಲೆ ಎಳೆಯಲೂ ಬಾರದವನೆಂದು ಹಂಗಿಸುತ್ತಿದ್ದ. ಬೈಸಿಕೊಳ್ಳದ ದಿನ ನನಗೇ ಬೇಸರವಾಗುತ್ತಿತ್ತು.

ನಮ್ಮಲ್ಲಿ ಬಲೆಗೆ ಕಡಲಾಮೆ ಬಿದ್ದರೆ ದೇವರೇ ಬಂದ ಹಾಗೆ. ಕುಂಕುಮ ಹಚ್ಚಿ, ಕೈಮುಗಿದು, ನೀರಿಗೆ ಬಿಡುವುದು ಕ್ರಮ. ಆದರೆ ಚಟ್ಲಿ, ಅಂದರೆ ಸಿಗಡಿ ಹಿಡಿಯುವ ಬಲೆಯನ್ನು ತಾಸುಗಟ್ಟಲೆ ಎಳೆಯುವುದರೊಳಗೆ ಎಷ್ಟೋ ಆಮೆಗಳು ಉಸಿರುಕಟ್ಟಿ ಸತ್ತಿರುತ್ತಿದ್ದವು. ನಾವು ಸತ್ತದ್ದಕ್ಕೂ ಕುಂಕುಮ ಹಚ್ಚಿಯೇ ಬಿಡುತ್ತಿದ್ದೆವು! "ನಾಚ್ಕಿ ಆತಿಲ್ಯಾ ನಿಮ್ಗೆ? ಅದ್ಕೂ ನಮ್ಮಂಗೆ ಮೇಲ್ ಬಂದ್ ಉಸ್ರ್ ತಕಣ್ಕ್," ಎಂದು ಬಚ್ಚಣ್ಣ ಸಿಡುಕುತ್ತಿದ್ದ.

ತೊಂಬತ್ತರ ದಶಕದ ಕೊನೆಗೆ ದೇಶದೇಶಗಳ ವ್ಯಾಪಾರ ಒಪ್ಪಂದದ ಜಗಳ ನಮ್ಮ ಬಂದರಿಗೂ ಬಂತು. ಆಮೆ ಸಾಯಿಸುವ ಬಲೆಯ ಚಟ್ಲಿಯನ್ನು ಹೊರದೇಶದವರು ಕೊಳ್ಳುವುದಿಲ್ಲವಂತೆ. ಬಲೆಯ ಕುತ್ತಿಗೆಗೆ ಕಬ್ಬಿಣದ ಸರಳುಗಳ ಚೌಕಟ್ಟು ಕೂರಿಸಿ, ಪಕ್ಕದಲ್ಲೊಂದು ಬಾಯಿ ಬಿಡಬೇಕಂತೆ. ಚಟ್ಲಿ ಸರಳು ದಾಟಿ ಒಳಗೆ, ಆಮೆ ಬಾಯಿಯಿಂದ ಹೊರಗೆ. ಎಲ್ಲರೂ ಗೊಣಗಿದರು. ಬಚ್ಚಣ್ಣ ಮಾತ್ರ ಕುಣಿಯುವುದೊಂದು ಬಾಕಿ. "ಯಾವ್ ದೇಶದವ್ರ್ ಹೇಳ್ರೆ ಎಂತ, ಹೇಳದ್ದ್ ಒಳ್ಳೇದಲ್ದಾ?" ಎಂದ.

ನನಗೋ, ಆ ಬಾಯಿಯಿಂದ ಚಟ್ಲಿಯೂ ಹೋದೀತೆಂಬ ಹೆದರಿಕೆ. ಪರೀಕ್ಷೆಗೆ ಬಂದವರ ಎದುರು ಬಿಚ್ಚಿ ತೋರಿಸಿದರಾಯಿತು, ಕಡಲಿಗೆ ಹೋಗುವಾಗ ಮುಚ್ಚಿದರಾಯಿತು ಎಂದುಕೊಂಡು, "ಬಚ್ಚಣ್ಣ, ಆ ಬಾಯಿ ಕಟ್ಟ್ ಕಾಂಬ," ಅಂದೆ. ಅವನು ಸೂಜಿ ಕೆಳಗಿಟ್ಟ.

"ನನ್ ಕೈಯಂಗ್ ಆತಿಲ್ಲೆ. ಬೇರೆಯವ್ರತ್ರ ಮಾಡ್ಸ್ಕೊ."

ಬೇರೆಯವರಿಂದ ಮಾಡಿಸಿದೆ. ಅಷ್ಟೇ ಅಲ್ಲ, ಸಿಟ್ಟಿನಲ್ಲಿ ಅವನಿಗೆ ಬಲೆ ಕೊಡುವುದನ್ನೇ ನಿಲ್ಲಿಸಿದೆ. ನನ್ನನ್ನು ನೋಡಿ ಮತ್ತಿಬ್ಬರು ಮಾಲಕರೂ ನಿಲ್ಲಿಸಿದರು. ಅವನ ಅನ್ನಕ್ಕೆ ಕಲ್ಲು ಹಾಕಿದವ ನಾನೇ. ಬಂದರಿನಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದೆ.

ಕೆಲವು ವರ್ಷ ಕಳೆದು, ಅವನು ಕಾಯಿಲೆಯಿಂದ ಮಲಗಿದ್ದಾನೆಂದು ಕೇಳಿ ಕೋಟೇಶ್ವರದ ಅವನ ಮನೆಗೆ ಹೋದೆ. ಮಳೆಗಾಲ, ಬೋಟುಗಳೆಲ್ಲ ದಡದಲ್ಲಿದ್ದವು. ಬೈಯಬಹುದೆಂದು ಕಾದೆ. ಅವನು ಮೆಲ್ಲಗೆ ಕೇಳಿದ್ದು ಒಂದೇ: "ಬಲಿ ಬಾಯಿ ಬಿಚ್ಚಿ ಇಟ್ಟಿದ್ಯಾ?"

"ಬಿಚ್ಚಿದ್ದೆ ಬಚ್ಚಣ್ಣ. ಆಗ್ಳಿಕೇ ಬಿಚ್ಚಿದ್ದೆ," ಅಂದುಬಿಟ್ಟೆ. ಹಸಿ ಸುಳ್ಳು.

ಅವನ ಮುಖ ಅರಳಿತು. ನನ್ನ ಕೈ ಹಿಡಿದುಕೊಂಡ. "ಹಂಗಾರೆ ಮಳಿ ಬಿಟ್ಟ್ ಕೂಡ್ಲೆ ನಿನ್ ಬಲಿ ತಕಂಡ್ ಬಾ. ನಾನೇ ಹೊಲಿತೆ," ಎಂದ.

ಮಳೆ ಬಿಡುವ ಮೊದಲೇ ಅವನು ಹೋದ. ಹದಿಮೂರನೆಯ ದಿನದ ಊಟ ಮುಗಿಸಿ ಸೀದಾ ಬಂದರಿಗೆ ಹೋಗಿ ಬಲೆಯ ಬಾಯಿ ಕಟ್ಟಿದ್ದ ಆ ಗಂಟನ್ನು ಕೊಯ್ದು ಹಾಕಿದೆ. ಚಟ್ಲಿ ಸ್ವಲ್ಪ ಕಡಿಮೆಯಾಯಿತು, ನಿಜ. ಆದರೆ ಅಲ್ಲಿಂದೀಚೆಗೆ ನಮ್ಮ ಬಲೆಯಲ್ಲಿ ಸತ್ತ ಆಮೆಯನ್ನು ನಾನು ಕಂಡಿಲ್ಲ. ಬೋಟಿನ ಹಿಂದೆ ಆಮೆಯೊಂದು ತಲೆಯೆತ್ತಿ ಉಸಿರೆಳೆದುಕೊಂಡು ಮುಳುಗಿದಾಗಲೆಲ್ಲ ಬಚ್ಚಣ್ಣ ನೆನಪಾಗುತ್ತಾನೆ. ಅವನಿಗೆ ಸುಳ್ಳು ಹೇಳುವ ಮೊದಲು ಇದನ್ನು ಒಂದೇ ಒಂದು ಸಲ ಕಂಡಿದ್ದರೆ, ಆ ಮಾತು ಸುಳ್ಳಾಗುತ್ತಿರಲಿಲ್ಲ!