ಬ್ರೇಸಸ್ ಧರಿಸಿದ ಅವಧಿಯಲ್ಲಿ ಕೆಳಸಾಲಿನ ಹಲ್ಲೊಂದನ್ನು ಉಳಿಸಿಕೊಂಡ ಬಗ್ಗೆ

ಸೀಬೆಹಣ್ಣು ಕಚ್ಚಿದಾಗ ಕೆಳಸಾಲಿನ ಮುಂದಿನ ಹಲ್ಲೊಂದು ಅಲ್ಲಾಡಿತು. ಹಣ್ಣಿನ ಮೇಲೆ ರಕ್ತದ ಗೆರೆಯಿತ್ತು.

ನನಗಾಗ ನಲವತ್ತಮೂರು ವರ್ಷ.

ಓದುಗರ ಅವಗಾಹನೆಗೆ ತಿಳಿಯಪಡಿಸುವುದೇನೆಂದರೆ, ನಾನು ಬಾಪೂಜಿ ನಗರದ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು, ಪತ್ರಗಳ ಹೊರತು ಬೇರೇನನ್ನೂ ಬರೆದವಳಲ್ಲ. ತಪ್ಪುಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಮೇಲ್ಕಂಡ ಘಟನೆಗೆ ಸಂಬಂಧಿಸಿದಂತೆ ವಿಜಯನಗರದ ದಂತವೈದ್ಯೆಯೊಬ್ಬರನ್ನು ಕಂಡೆನು. ಹಲ್ಲುಗಳು ಒಂದರ ಮೇಲೊಂದು ಏರಿ ಕುಳಿತಿರುವುದರಿಂದ ಸಂದಿಯಲ್ಲಿ ಆಹಾರ ನಿಂತು ಒಸಡು ಹಾಳಾಗಿದೆಯೆಂದು ಅವರು ಎಕ್ಸ್‌ರೇ ತೋರಿಸಿ ವಿವರಿಸಿದರು. ಮೊದಲು ಒಸಡಿನ ಚಿಕಿತ್ಸೆ, ತರುವಾಯ ಬ್ರೇಸಸ್.

"ಹಲ್ಲು ಉಳೀಬೇಕು ಅಂದ್ರೆ ಕ್ಲೀನಿಂಗ್ ನಿಮ್ಮ ಕೈಲೇ ಇದೆ ಮೇಡಂ" ಎಂದರು.

ಬ್ರೇಸಸ್ ಹಾಕಿಸಿಕೊಂಡು ಕೆಂಗೇರಿಯ ಅತ್ತೆಮನೆಗೆ ಹೋದಾಗ ಅತ್ತೆಯವರು ನನ್ನ ಬಾಯಿಯನ್ನೇ ದಿಟ್ಟಿಸಿದರು. "ಏನೇ ಇದು, ಈ ವಯಸ್ಸಲ್ಲಿ ಹಲ್ಲಿಗೆ ತಂತಿಬೇಲಿ ಹಾಕಿಸ್ಕೊಂಡಿದೀಯ? ದನ ನುಗ್ತವಾ?"

ನಾನು ತುಟಿ ಮುಚ್ಚಿಕೊಂಡು ಅಡುಗೆಮನೆಗೆ ನಡೆದೆನು.

ವೈದ್ಯೆಯವರ ಸೂಚನೆಗಳನ್ನು ಸುತ್ತೋಲೆಯಂತೆ ಚಾಚೂ ತಪ್ಪದೆ ಪಾಲಿಸಿದೆನು. ಪೆನ್ನಿನ ಮುಚ್ಚಳ ಕಚ್ಚುವ ಇಪ್ಪತ್ತು ವರ್ಷಗಳ ಅಭ್ಯಾಸವನ್ನು ಬಿಟ್ಟೆನು. ತಂತಿ ಕೆನ್ನೆಗೆ ತಾಗಿದಲ್ಲಿ ಮೇಣ ಅಂಟಿಸಿದೆನು. ಹಣ್ಣನ್ನು ಕಚ್ಚದೆ ಸಣ್ಣಗೆ ಹೆಚ್ಚಿ ತಿಂದೆನು.

ಸಂಕ್ರಾಂತಿ ಬಂತು. ಅತ್ತೆಯವರೊಡನೆ ಎಳ್ಳು ಬೀರಲು ಮನೆ ಮನೆಗೆ ಹೋದೆನು. ಕಬ್ಬನ್ನು ಮುಟ್ಟಲಿಲ್ಲ. ಆದರೆ ಎಳ್ಳುಬೆಲ್ಲದಲ್ಲಿ ಕೊಬ್ಬರಿ, ಬೆಲ್ಲ ಎರಡನ್ನೂ ಮೊದಲೇ ಸಣ್ಣಗೆ ಹೆಚ್ಚಿರುತ್ತಾರಷ್ಟೆ. ಆದುದರಿಂದ ನಿಯಮ ಪಾಲನೆಯಾಗಿದೆಯೆಂದು ಭಾವಿಸಿ, ಹೋದ ಮನೆಯಲ್ಲೆಲ್ಲ ಹಿಡಿ ಹಿಡಿ ತಿಂದೆನು.

ಐದನೆಯ ಮನೆಯಲ್ಲಿ ಟಕ್ ಎಂದಿತು.

ಅಲ್ಲಾಡಿದ್ದ ಆ ಹಲ್ಲಿನ ಮೇಲೆ ತಂತಿಯನ್ನು ಹಿಡಿದಿಡುವ ಬ್ರ್ಯಾಕೆಟ್ ಕಿತ್ತು ತಂತಿಯಲ್ಲಿ ಜೋತಾಡುತ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ, ವೈದ್ಯೆಗೂ ಫೋನು ಮಾಡಲಿಲ್ಲ. ನಾಲ್ಕು ದಿನ. ತುಟಿಯ ಒಳಗೆ ಹುಣ್ಣಾಯಿತು. ನೋವಿಗೆ ಹೆದರಿ ಅಲ್ಲಿ ಬ್ರಷ್ ತಾಗಿಸಲಿಲ್ಲ. ಒಸಡಿನಿಂದ ಮತ್ತೆ ರಕ್ತ ಬಂತು. ಐದನೆಯ ದಿನ ವೈದ್ಯೆಯ ಬಳಿಗೆ ಹೋದೆನು.

"ಹೆಚ್ಚಿ ತಿನ್ನಿ ಅಂದಿದ್ದು ಸೇಬು, ಸೀಬೆ ಥರದ್ದನ್ನ. ಕೊಬ್ಬರಿ, ಗಟ್ಟಿ ಬೆಲ್ಲ ಎಷ್ಟು ಸಣ್ಣಗಿದ್ರೂ ಬೇಡ. ಕಿತ್ತ ದಿನಾನೇ ಫೋನ್ ಮಾಡೋದಲ್ವಾ?" ವೈದ್ಯೆ ಕನ್ನಡಿಯನ್ನು ಕೆಳಗಿಟ್ಟರು. "ಒಸಡು ಇನ್ನೊಂದ್ಸಲ ಹೀಗಾದ್ರೆ ಬ್ರೇಸಸ್ ತೆಗೀಬೇಕಾಗುತ್ತೆ. ಆಮೇಲೆ ಆ ಹಲ್ಲು ಉಳಿಯುತ್ತೆ ಅಂತ ನಾನು ಹೇಳಲ್ಲ."

ಆ ಹಲ್ಲು ಹೋದರೆ, ಅದನ್ನು ಕಳೆದವಳು ನಾನೇ.

ಅಂದಿನಿಂದ ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸಿ, ತಂತಿಯ ಮೇಲೂ ಕೆಳಗೂ ಮೆತ್ತನೆಯ ಬ್ರಷ್ ಆಡಿಸಿ, ಒಂದೊಂದು ಸಂದಿಗೂ ಪುಟ್ಟ ಬ್ರಷ್ ತೂರಿಸಿ ತೊಳೆಯತೊಡಗಿದೆನು. ಶಾಲೆಯ ನಲ್ಲಿಯ ಬಳಿ ಸಹೋದ್ಯೋಗಿ ಮಂಜುಳಾ ಛೇಡಿಸಿದರು: "ಏನ್ರೀ, ಊಟಕ್ಕಿಂತ ಪಾತ್ರೆ ತೊಳೆಯೋದೇ ಜಾಸ್ತಿ ಆಯ್ತಲ್ಲ!"

ತೊಳೆದೆ. ನೆಂಟರ ಮದುವೆಯಲ್ಲಿ, ಕೈತೊಳೆಯಲು ಸಾಲುಗಟ್ಟಿ ನಿಂತವರು ಗೊಣಗುತ್ತಿದ್ದಾಗಲೂ ತೊಳೆದೆ.

ಕಳೆದ ವಾರ ತಪಾಸಣೆಯಾಯಿತು. ವೈದ್ಯೆ ಸಣ್ಣ ಕಡ್ಡಿಯಿಂದ ಒಸಡನ್ನು ಸುತ್ತಲೂ ಒತ್ತಿದರು.

ರಕ್ತವಿಲ್ಲ.

ಆ ಹಲ್ಲನ್ನು ಮೆಲ್ಲನೆ ಒತ್ತಿ ನೋಡಿದರು. "ಬ್ರೇಸಸ್ ಇರೋವಾಗ ಸ್ವಲ್ಪ ಅಲ್ಲಾಡೋದು ಇದ್ದಿದ್ದೇ. ಆದ್ರೆ ಇದು ನಿಂತ್ಕೊಳ್ತು ಮೇಡಂ."

ಬಳಿಕ, ಅಂದೇ ಬ್ರೇಸಸ್ ಹಾಕಿಸಿಕೊಂಡ ಕಾಲೇಜು ಹುಡುಗಿಯೊಬ್ಬಳನ್ನು ಕರೆದು, "ಹೆಂಗೆ ಕ್ಲೀನ್ ಮಾಡೋದು ಅಂತ ಇವರ ಹತ್ರ ಕಲ್ಕೋ" ಎಂದರು. ನಾನು ಕನ್ನಡಿಯ ಮುಂದೆ ನಿಂತು ಒಂದು ಸಂದಿಯನ್ನೂ ಬಿಡದೆ ತೋರಿಸಿದೆನು.

"ದಿನಾ ಇಷ್ಟೊತ್ತು ಬೇಕಾ ಆಂಟಿ?"

"ಹನ್ನೆರಡು ನಿಮಿಷ ಕಣಮ್ಮ. ಈಗ ನೀನು ಮಾಡು, ನಾನು ನೋಡ್ತೀನಿ."

ಚಿಕಿತ್ಸೆ ಇನ್ನೂ ಒಂದು ವರ್ಷವಿದೆ. ಮುಂದಿನದನ್ನು ಖಚಿತಪಡಿಸಲು ಶಕ್ತಳಲ್ಲ. ಆದಾಗ್ಯೂ, ಆ ಹುಡುಗಿ ಎರಡು ಸಂದಿ ಬಿಟ್ಟಿದ್ದಳು ಮತ್ತು ಅವೆರಡನ್ನೂ ನಾನೇ ಬೆರಳಿಟ್ಟು ತೋರಿಸಿದೆನೆಂಬುದನ್ನು ಹೆಮ್ಮೆಯಿಂದ ದಾಖಲಿಸುತ್ತೇನೆ.