ಮುಳ್ಳು ನಿಲ್ಲಲಿ ಎಂದು ಬೇಡಿದ ರಾತ್ರಿ

ಊಂ... ಎಂದು ಎಳೆಯುತ್ತಾ, ಇಳಿಯುತ್ತಾ, ಕೊನೆಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಸುಮ್ಮನಾಗುವುದು. ದೊಡ್ಡ ಗರಗಸ ನಿಲ್ಲುವ ಸದ್ದು ಅದು. ಯಲ್ಲಾಪುರದ ನಮ್ಮ ಸಾಮಿಲ್ಲಿನಲ್ಲಿ ದಿನವೂ ಸಂಜೆ ಏಳಕ್ಕೆ ಕೇಳುತ್ತಿತ್ತು. ಅದು ನಿಂತ ಮೇಲೆಯೇ ಇಂಜಿನ್ನಿನ ಪಟ್ಟಿಯನ್ನು ಡೈನಮೋಗೆ ಹಾಕುತ್ತಿದ್ದರು. ಮನೆಗೆ ಕರೆಂಟ್ ಬರುತ್ತಿತ್ತು. ಹಾಗಾಗಿ ಕರೆಂಟಿನ ಕೆಲಸವೇನಿದ್ದರೂ ನಮ್ಮಲ್ಲಿ ರಾತ್ರಿಯೇ.

ಮುದುಕಿಯ ಕಲ್ಪನೆ ಎನ್ನುವವರು ಎನ್ನಲಿ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ದೆವ್ವದ ಮಾತೆತ್ತಿದರೆ ‘ನಾನ್‌ಸೆನ್ಸ್’ ಎಂದು ಬೆಂಚಿನ ಮೇಲೆ ನಿಲ್ಲಿಸುವ ಸಿಸ್ಟರ್‌ಗಳು ನಮಗಿದ್ದರು. ಇದರಲ್ಲಿ ದೆವ್ವವಿದೆ ಎಂದು ಈಗಲೂ ಹೇಳುತ್ತಿಲ್ಲ. ವಾಚ್ ನೋಡಿಕೊಂಡು ನಾನೇ ಎಣಿಸಿದ್ದನ್ನು ಹೇಳುತ್ತೇನೆ, ಅಷ್ಟೇ.

ನನ್ನ ತಂಗಿ ಗಿರಿಜೆಯ ಮೈ ಬೆವರುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಬೇಸಿಗೆ ಬಂತೆಂದರೆ ಒದ್ದೆ ಚಾದರ ಸುತ್ತಿಕೊಂಡೇ ಬದುಕುವ ಹುಡುಗಿ. ಅರವತ್ತೆರಡನೇ ಇಸವಿಯೋ ಅರವತ್ತಮೂರೋ ಇರಬೇಕು, ಅವಳಿಗೆ ಹನ್ನೊಂದು, ನನಗೆ ಹತ್ತೊಂಬತ್ತು. ಆ ಏಪ್ರಿಲಿನಲ್ಲಿ ಸೆಖೆಯ ಮೇಲೆ ಜ್ವರವೂ ಸೇರಿತು. ಥರ್ಮಾಮೀಟರ್ ನೂರೈದು ತೋರಿಸಿತು.

“ಕೋಣೆ ತಂಪಾಗಬೇಕು. ಬೆಳಗಿನೊಳಗೆ ಮೈ ಕಾವು ಇಳಿಯದಿದ್ದರೆ ನನ್ನ ಕೈಯಲ್ಲಿಲ್ಲ” ಎಂದು ಡಾಕ್ಟರು ಚೀಲ ಮುಚ್ಚಿದರು. ಹುಬ್ಬಳ್ಳಿಯಿಂದ ತರಿಸಿದ ಐಸು ನಮ್ಮಲ್ಲಿಗೆ ಬರುವಷ್ಟರಲ್ಲಿ ಬರೀ ಒದ್ದೆ ಗೋಣಿಯಾಗಿತ್ತು.

ಉಳಿದದ್ದು ಮುಂಬಯಿಯಿಂದ ಅವಳಿಗಾಗಿಯೇ ಅಪ್ಪ ತರಿಸಿದ್ದ ತಂಪಿನ ಯಂತ್ರ. ಎರಡು ಪೆಟ್ಟಿಗೆಗಳಲ್ಲಿ ಬಂದಿತ್ತು. ಒಂದು ಕೋಣೆಯೊಳಗೆ ಗಾಳಿ ಬೀಸುವುದು, ಇನ್ನೊಂದು ಹೊರಗೆ ಕಿಟಕಿಯ ಕೆಳಗೆ ಕೂರುವುದು. ಎರಡರ ನಡುವೆ ಗೋಡೆ ಕೊರೆದು ತಾಮ್ರದ ಎರಡು ಕೊಳವೆ, ಒಂದು ದಪ್ಪ, ಒಂದು ಸಣ್ಣ. ಅದನ್ನು ಜೋಡಿಸಲು ಹುಬ್ಬಳ್ಳಿಯಿಂದ ಬಂದವನು ದಾವೂದ್ ಮೇಸ್ತ್ರಿ.

“ಇದನ್ನ ಹಚ್ಚಿದ ಮ್ಯಾಲ ನೋಡ್ರಿ ಸಾವ್ಕಾರ್ರ, ಯಲ್ಲಾಪುರದಾಗ ಏಪ್ರಿಲ್ ತಿಂಗಳ ಕಂಬಳಿ ಹೊದಿತೀರಿ” ಎಂದು ಮಧ್ಯಾಹ್ನ ನಗಿಸಿದ್ದ. ಕೊಳವೆಯ ಬಾಯನ್ನು ತುತ್ತೂರಿಯ ಹಾಗೆ ಅರಳಿಸಿ, ನಟ್ಟು ಬಿಗಿದು, ಕೆಂಪು ಕಪ್ಪು ಹಸಿರು ತಂತಿಗಳನ್ನು ಕಟ್ಟಿ ಗರಗಸ ನಿಲ್ಲುವುದನ್ನೇ ಕಾದ.

ಏಳಕ್ಕೆ ಪಂಪು ಹಚ್ಚಿದ. ಕೊಳವೆಯೊಳಗಿನ ಗಾಳಿಯನ್ನೆಲ್ಲ ಅದು ಹೀರಿ ತೆಗೆಯಬೇಕು. ಆಮೇಲೆ ಕೊಳವೆಯ ಬಾಯಿ ಮುಚ್ಚಿ ಮೀಟರಿನ ಮುಳ್ಳು ನೋಡಬೇಕು. ಮುಳ್ಳು ಅಲ್ಲಾಡದೆ ನಿಂತರೆ ಎಲ್ಲಿಯೂ ಸೋರುತ್ತಿಲ್ಲ, ಗ್ಯಾಸ್ ತುಂಬಬಹುದು. ನಿಲ್ಲದಿದ್ದರೆ ತುಂಬುವ ಹಾಗಿಲ್ಲ. ಗ್ಯಾಸ್ ಇದ್ದದ್ದು ಒಂದೇ ಸಿಲಿಂಡರ್.

ಮುಳ್ಳು ನಿಲ್ಲಲಿಲ್ಲ.

ನಟ್ಟು ಬಿಚ್ಚಿದ, ಬಾಯಿ ಕತ್ತರಿಸಿ ಹೊಸದಾಗಿ ಅರಳಿಸಿದ, ಬಿಗಿದ, ಮತ್ತೆ ಪಂಪು ಹಚ್ಚಿದ. ಹನ್ನೊಂದಾಯಿತು. ಹೊರಗೆ ಸಾಗುವಾನಿ ಪುಡಿಯ ವಾಸನೆ, ಒಳಗೆ ಒದ್ದೆ ಬಟ್ಟೆ ಮತ್ತು ಅವಳ ಹಣೆಗೆ ಹಚ್ಚಿದ ಓಡಿಕೊಲೋನಿನ ವಾಸನೆ...

“ಎಷ್ಟೊತ್ತೋ ದಾವೂದ್? ಗ್ಯಾಸ್ ಬಿಟ್ಟುಬಿಡಪಾ” ಅಪ್ಪನ ದನಿ ಒಡೆದಿತ್ತು.

“ಸಾವ್ಕಾರ್ರ, ಸೋರತಿದ್ರ ಮುಳ್ಳು ಏರಬೇಕಷ್ಟ. ಇದು ಏರತೈತಿ, ಮತ್ತ ಇಳೀತೈತಿ. ಇಪ್ಪತ್ತು ವರ್ಷ ಆತು ಈ ಕೆಲಸ ಮಾಡಾಕತ್ತು... ಹಿಂಗ ಎಲ್ಲೂ ಕಂಡಿಲ್ಲ.”

ಇಂಜಿನ್ ಎಲ್ಲಿ ನಿಂತೀತೋ ಎಂದು ಅಪ್ಪ ಮಿಲ್ಲಿಗೆ ಹೋದರು. ಅವ್ವ ಕೋಣೆಯ ಮೂಲೆಯಲ್ಲಿ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದಳು. “ಮುಳ್ಳು ನಿಲ್ಲಲಿ ತಂದೇ... ಮುಳ್ಳು ನಿಲ್ಲಲಿ...”

ನಾನು ಗಿರಿಜೆಯ ಎದೆಯ ಮೇಲೆ ಕೈಯಿಟ್ಟು ಕೂತಿದ್ದೆ. ಕಾನ್ವೆಂಟಿನ ಹೋಮ್ ನರ್ಸಿಂಗ್ ಕ್ಲಾಸಿನಲ್ಲಿ ಕಲಿಸಿದ ಹಾಗೆ, ನಿಮಿಷಕ್ಕೆ ಎಷ್ಟು ಉಸಿರು ಎಂದು ಕಾಗದದ ಮೇಲೆ ಬರೆದಿಡುತ್ತಿದ್ದೆ. ಮೂವತ್ತೆರಡು ಎಂದು ಬರೆದೆ. ಬಾಯಿಬಿಟ್ಟು ಹೇಳಲಿಲ್ಲ.

ಕಿಟಕಿಯಾಚೆಯಿಂದ ದಾವೂದನ ದನಿ ಬಂತು. “ಅಕ್ಕಾರ, ನಾ ಎಣಿಸೀನಿ. ಮುಳ್ಳು ನಿಮಿಷಕ್ಕ ಮೂವತ್ತೆರಡು ಸಲ ಏರಿ ಇಳಿಯಾಕತ್ತೈತಿ.”

ಕೋಯಿನ್ಸಿಡೆನ್ಸ್ ಎಂದುಕೊಂಡೆ. ಮತ್ತೊಂದು ನಿಮಿಷ ಎಣಿಸಿದೆ. ಇಪ್ಪತ್ತಾರು.

“ಈಗ ಇಪ್ಪತ್ತಾರು” ಎಂದ ಅವನು.

ಒಂದು ಕೈಯನ್ನು ಅವಳ ಎದೆಯ ಮೇಲೇ ಇಟ್ಟುಕೊಂಡು ಮಂಚದ ಪಕ್ಕದ ಕಿಟಕಿಯಿಂದ ಬಗ್ಗಿ ನೋಡಿದೆ. ಬಲ್ಬಿನ ಬೆಳಕಿನಲ್ಲಿ ಆ ಸಣ್ಣ ಕಪ್ಪು ಮುಳ್ಳು ಮೆಲ್ಲಗೆ ಏರಿತು... ನನ್ನ ಕೈಕೆಳಗೆ ತಂಗಿಯ ಎದೆ ಏರಿತು. ಮುಳ್ಳು ಇಳಿಯಿತು... ಎದೆ ಇಳಿಯಿತು. ಗಾಳಿಯೇ ಇಲ್ಲದ ಕೊಳವೆ ಅದು.

ಇಪ್ಪತ್ತು. ಹದಿನೈದು.

ಹಿಂದೆ ಅವ್ವನ ದನಿ ನಡೆದೇ ಇತ್ತು. ಮುಳ್ಳು ನಿಲ್ಲಲಿ... ಆಗ ನನಗೆ ಹೊಳೆಯಿತು, ನಾವೆಲ್ಲ ಸೇರಿ ಏನನ್ನು ಬೇಡುತ್ತಿದ್ದೇವೆ ಎಂದು.

ಹೊರಗೆ ಓಡಿದೆ. “ದಾವೂದ್, ಅದು ನಿಲ್ಲೂದು ಬ್ಯಾಡ. ಈಗ ಗ್ಯಾಸ್ ಬಿಡ್ರಿ.”

“ಇರೂದು ಒಂದ ಸಿಲಿಂಡರ್, ಅಕ್ಕಾರ. ಸೋರಿ ಹೋತಂದ್ರ ಮತ್ತ ಹುಬ್ಬಳ್ಳಿಗೆ ಹೋಗಬೇಕು. ಅಲ್ಲೀತನಾ ಆ ಕೂಸು...”

“ಆ ಮುಳ್ಳು ನನ್ನ ತಂಗಿ ಉಸಿರು ಅದ. ನಿಂತ್ರ ಅಕಿನೂ ನಿಲ್ತಾಳ.”

ಅವನು ನನ್ನನ್ನು ನೋಡಿದ. ಹುಚ್ಚು ಎನ್ನಲಿಲ್ಲ. ಮೀಟರಿನ ಮೇಲೆ ಬಗ್ಗಿದ. ಅವನ ಬೆನ್ನು ಅಡ್ಡವಾಗಿ ನನಗೆ ಮುಳ್ಳು ಕಾಣಲಿಲ್ಲ. ಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಬಿಡ್ರಿ ಎನ್ನುತ್ತಲೇ ಇದ್ದೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಸಿಲಿಂಡರಿನ ಕೀಲಿ ತಿರುಗಿಸಿದ.

ಸ್ಸ್ಸ್... ಕೊಳವೆಯಲ್ಲಿ ಗ್ಯಾಸ್ ನುಗ್ಗಿತು. ಅದೇ ಕ್ಷಣ ಕೋಣೆಯೊಳಗಿಂದ, ಕೆರೆಯಲ್ಲಿ ಮುಳುಗಿದವರು ಮೇಲೆ ಬಂದು ಎಳೆದುಕೊಳ್ಳುವಂಥ ಒಂದು ಉದ್ದ ಉಸಿರು ಕೇಳಿಸಿತು.

ಯಂತ್ರ ಓಡಿತು. ನಾಲ್ಕು ಗಂಟೆಗೆ ಜ್ವರ ನೂರೊಂದಕ್ಕೆ ಇಳಿದಿತ್ತು. ಅಪ್ಪ ಬಾಗಿಲಲ್ಲಿ ನೆಲದ ಮೇಲೆಯೇ ಕೂತುಬಿಟ್ಟರು. ಹೊಸ ಬಣ್ಣದ ವಾಸನೆಯ ತಣ್ಣನೆ ಗಾಳಿಯಲ್ಲಿ ಅವ್ವನ ಸೆರಗು ಅಲ್ಲಾಡುತ್ತಿತ್ತು.

ಗಿರಿಜೆ ಬದುಕಿದಳು. ಈಗ ಶಿರಸಿಯಲ್ಲಿದ್ದಾಳೆ, ಮೊಮ್ಮಕ್ಕಳಿದ್ದಾರೆ, ಭಾನುವಾರ ಫೋನ್ ಮಾಡುತ್ತಾಳೆ. ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಮರುದಿನ ಬುತ್ತಿ ಕೊಡಲು ಬಸ್ ಸ್ಟ್ಯಾಂಡಿಗೆ ಹೋಗಬಾರದಿತ್ತು.

ದಾವೂದ್ ಹುಬ್ಬಳ್ಳಿ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ. ನಾನು ಥ್ಯಾಂಕ್ಸ್ ಎಂದೆ. ನನ್ನ ಮಾತು ಕೇಳಿ ಗ್ಯಾಸ್ ಬಿಟ್ಟಿರಲ್ಲ ಎಂದೆ.

ಅವನು ತಲೆಯಾಡಿಸಿದ. “ನಿಮ್ಮ ಮಾತಿಗೆ ಬಿಡಲಿಲ್ರಿ, ಅಕ್ಕಾರ. ಮುಳ್ಳು ನಿಂತಿತ್ತು.”

“ಏನು?”

“ನಿಂತಿತ್ತು. ಅದಕ್ಕ ಬಿಟ್ಟೆ. ನಾ ಗಡಿಯಾರ ನೋಡೀನಿ, ಪೂರಾ ಎರಡು ನಿಮಿಷ ಅಲ್ಲಾಡಲಿಲ್ಲ.” ಸುತ್ತ ನೋಡಿ ದನಿ ತಗ್ಗಿಸಿದ. “ಆ ಎರಡು ನಿಮಿಷ ಕೂಸಿನ ಎದಿ ಮ್ಯಾಲ ಯಾರು ಕೈ ಇಟ್ಟಿದ್ರು?”

ನಾನು ಹೊರಗಿದ್ದೆ, ಅವನ ಬೆನ್ನ ಹಿಂದೆ. ಅವ್ವನ ಕಣ್ಣು ಮುಚ್ಚಿತ್ತು. ಬುತ್ತಿಯನ್ನು ಕಿಟಕಿಯೊಳಗೆ ಚಾಚಿದೆ.

ಬಸ್ಸು ಹೊರಟಿತು. ಅವನು ಕೈಯೆತ್ತಲಿಲ್ಲ. ಮುಂದಿನ ಸೀಟಿನಲ್ಲಿ ತಾಯಿಯ ಹೆಗಲ ಮೇಲೆ ಒಂದು ಮಗು ನಿದ್ದೆಹೋಗಿತ್ತು; ಅದರ ಏರಿಳಿಯುವ ಬೆನ್ನನ್ನೇ ದಿಟ್ಟಿಸುತ್ತಾ, ತುಟಿಯಲ್ಲೇ ಏನನ್ನೋ ಎಣಿಸುತ್ತಿದ್ದ... ದಾವೂದ್ ಮೇಸ್ತ್ರಿಯನ್ನು ನಾನು ಕಂಡದ್ದು ಅದೇ ಕೊನೆ.